ಹಗರೆಯಲ್ಲಿ ಉಳಿದ ಹೂಂ

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ಎದ್ದು ನಲ್ಲಿ ನೀರು ಹಿಡಿದೆ, ಎರಡು ಡ್ರಮ್ಮು, ನಾಲ್ಕು ಬಿಂದಿಗೆ. ಕೋಳಿ ಬಿಟ್ಟೆ. ಮಗಳು ಎದ್ದ ಮೇಲೆ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಿದ್ದ ಗುಳಿ ಮೇಲೇಳುವುದಕ್ಕೆ ನಿನ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು, ಇಲ್ಲವೇ ನನಗೆ ಹಾಗನ್ನಿಸಿತು. ಅವಳಿಗೆ ಉಪ್ಪು ಕಮ್ಮಿ ಹಾಕಿ ರಾಗಿ ಗಂಜಿ ಕಾಯಿಸಿದೆ. ಬೆಳಗಿನ ಮಾತ್ರೆ ನುಂಗಿಸಿ, ಮಧ್ಯಾಹ್ನದ್ದನ್ನು ಲೋಟದ ಪಕ್ಕ ಇಟ್ಟೆ. ನಾನು ನೋಡಿಕೊಳ್ಳುವ ಗ್ರಂಥಾಲಯದ ಬೀಗದ ಕೈಯನ್ನು ಪಂಚಾಯ್ತಿಯ ಅಟೆಂಡರ್ ಮನೆಗೆ ಕೊಟ್ಟು, ಪೇಪರು ನೀವೇ ಹರಡಿಬಿಡಿ ಎಂದೆ. ಅತ್ತೆಗೆ ತಲೆ ಬಾಚಿದೆ. ಹೊಸ ಮೊರವೊಂದನ್ನು ಹಳೆ ಸೀರೆಯಲ್ಲಿ ಸುತ್ತಿ, ಸೆರಗಿನ ತುದಿಗೆ ಒಂದು ಹಿಡಿ ಕಲ್ಲುಪ್ಪು ಕಟ್ಟಿಕೊಂಡೆ. ಎದುರು ಮನೆಯವರಿಗೆ ಆಗಾಗ ಬಂದು ಮಗಳನ್ನು ನೋಡಿ ಎಂದು ಹೇಳಿ, ಅತ್ತೆಯ ಕೈ ಹಿಡಿದು ಏಳೂವರೆಯ ಬಸ್ಸು ಹತ್ತಿದೆ. ಹಗರೆಗೆ.

ಹಗರೆಯಲ್ಲಿ ನಮಗೆ ನೆಂಟರಿಲ್ಲ, ದೇವರಿಲ್ಲ, ಜಮೀನಿಲ್ಲ. ಯಾಕೆ ಹೋದೆವು ಅನ್ನುವುದನ್ನು ಮೊದಲಿಂದ ಹೇಳಬೇಕು.

ನಮ್ಮದು ಗಂಡಸಿ ಹತ್ತಿರದ ಸಣ್ಣ ಊರು. ಊರಿನ ಕೊನೆಗೆ ಬುಟ್ಟಿ, ಮೊರ, ಈಚಲು ಪೊರಕೆ ಮಾಡುವವರ ಏಳೆಂಟು ಮನೆಗಳಿವೆ, ಅವುಗಳಲ್ಲೊಂದು ನಮ್ಮದು. ನಮ್ಮವರಿಗೆ ಎರಡು ಮಾತು. ಊರವರ ಜೊತೆ ಆಡುವುದು ಕನ್ನಡ, ಅದು ಹೊರಮಾತು. ಮನೆಯೊಳಗೆ ನಮ್ಮ ನಮ್ಮಲ್ಲಿ ಆಡುವುದು ಒಳಮಾತು. ಅದಕ್ಕೆ ಅಕ್ಷರವಿಲ್ಲ. ನಾನು ಚಿಕ್ಕವಳಿದ್ದಾಗ ಅವ್ವನ ಜೊತೆ ಬಸ್ಸಿನಲ್ಲಿ ಒಳಮಾತು ಆಡಿದರೆ ಪಕ್ಕದವರು ತಮ್ಮ ಚೀಲಗಳನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಒಂದು ಸಲ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಪರ್ಸು ಕಾಣೆಯಾಗಿ, ಏನೂ ಮಾಡದೆ ನಿಂತಿದ್ದ ಅವ್ವನ ಬುಟ್ಟಿಗಳನ್ನೆಲ್ಲ ಒದ್ದು ಚೆಲ್ಲಿ ಹುಡುಕಿದರು. ಅವತ್ತಿನಿಂದ ಅವ್ವ ಮನೆಯಲ್ಲೂ ನನ್ನ ಜೊತೆ ಕನ್ನಡವನ್ನೇ ಆಡಿದಳು. ಒಳಮಾತು ನನಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅರ್ಧ. ನನ್ನ ಮಗಳಿಗೆ ಬೈಗುಳ ಮತ್ತು ತಿಂಡಿಗಳ ಹೆಸರು ಮಾತ್ರ ಬರುತ್ತವೆ.

ಚೆನ್ನಾಗಿ ಬರುವುದು ನಮ್ಮ ಅತ್ತೆಗೆ. ಅಪ್ಪನ ಅಕ್ಕ. ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಎಂಬತ್ತು ದಾಟಿರಬೇಕು, ಕೇಳಿದರೆ, ನಾನು ಹುಟ್ಟಿದಾಗ ನೀನೇ ಬಂದು ನೋಡಬೇಕಿತ್ತು ಅನ್ನುತ್ತಾಳೆ. ಮಾತಿಗೆ ಮಾತು ಕೊಡುವವರು ಇಲ್ಲದೆ ಅವಳು ಈಗ ಒಳಮಾತು ಆಡುವುದು ಕೋಳಿಗಳ ಜೊತೆ. ಕೋಳಿಗಳು ಕೇಳುತ್ತವೆ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಒಬ್ಬರು ಮೇಡಂ ಬಂದು, ಗ್ರಂಥಾಲಯದಲ್ಲಿ ನನ್ನ ಎದುರು ಕೂತು, ಈ ಮಾತು ಆಡುವವರು ಸುತ್ತಮುತ್ತ ಇನ್ನು ಬೆರಳೆಣಿಕೆಯಷ್ಟೇ ಎಂದರು. ಅಂಗೈಯಗಲದ ಒಂದು ರೆಕಾರ್ಡರ್ ಕೊಟ್ಟರು. ಜೊತೆಗೆ ಒಂದು ಪಟ್ಟಿ: ಬೀಸುವ ಹಾಡು, ಹೆಣೆಯುವಾಗಿನ ಎಣಿಕೆ, ಹೆಸರಿಡುವ ಮಾತು, ಹೆಣ್ಣು ಒಪ್ಪಿಸುವ ಮಾತು, ಸಾವಿನ ಮಾತು. ನನಗೆ ಪಟ್ಟಿ ಎಂದರೆ ಇಷ್ಟ. ಮಧ್ಯಾಹ್ನದ ಹೊತ್ತು ಅತ್ತೆಯ ಮುಂದೆ ಕೂತು ಒಂದೊಂದಕ್ಕೇ ಗುರುತು ಹಾಕುತ್ತ ಬಂದೆ. ಅತ್ತೆ ರೆಕಾರ್ಡರಿಗೆ ಪೆಟ್ಟಿಗೆ ಅಂದಳು. ಎಣಿಕೆಯ ಹಾಡು ಹೇಳುತ್ತ ಗರಿ ಹೆಣೆದವಳು ನಡುವೆ ತಪ್ಪಿದಳು. ಮತ್ತೆ ಹೇಳು ಅತ್ತೆ ಎಂದರೆ, "ಎಣಿಕೆ ತಪ್ತು, ಬುಟ್ಟಿನೂ ಸೊಟ್ಟಗಾಯ್ತು. ಎರಡ್ನೂ ಹಂಗೇ ಕಳ್ಸು ನಿಮ್ಮ ಮೇಡಂಗೆ, ಜೋಡಿ ಆಯ್ತದೆ" ಎಂದಳು.

ಕೊನೆಗೆ ಪಟ್ಟಿಯಲ್ಲಿ ಒಂದೇ ಉಳಿಯಿತು, ಸಾವಿನ ಮಾತು. ನಮ್ಮವರು ಅದಕ್ಕೆ ಕಳಿಸುವ ಮಾತು ಅನ್ನುತ್ತಾರೆ. ಹೆಣ ಇನ್ನೂ ಒಳಗಿರುವಾಗ, ಹೊಸ್ತಿಲಲ್ಲಿ ಹೊಸ ಮೊರ ಹಿಡಿದು ಮನೆಯ ಹಿರಿಯಳು ಹೇಳುವ ಮಾತು ಅದು. ಹಿಂದಿನವರು ಎತ್ತುಗಳ ಮೇಲೆ ಹೇರಿಕೊಂಡು ಘಟ್ಟದ ಕೆಳಗಿಂದ ಉಪ್ಪು ತರುತ್ತಿದ್ದರಂತೆ. ಸತ್ತವರು ಅದೇ ದಾರಿ ಹಿಡಿದು ಸಮುದ್ರಕ್ಕೆ ಹೋಗಬೇಕು. ಹೇಳುವವಳು ಊರು ಊರಿನ ಹೆಸರು ಕರೆದು, ಒಂದೊಂದು ಊರಿಗೂ, ಇಲ್ಲಿಗೆ ಬಂದೆಯಾ ಎಂದು ಕೇಳುತ್ತಾಳೆ. ಗಂಡಸಿ, ಬಂದೆಯಾ. ಅರಸೀಕೆರೆ, ಬಂದೆಯಾ. ಜಾವಗಲ್, ಹಳೇಬೀಡು. ಹಳೇಬೀಡಿನಿಂದ ಬೇಲೂರಿಗೆ ನೆಟ್ಟಗೆ ದಾರಿಯಿದ್ದರೂ ಉಪ್ಪಿನವರು ಹಗರೆಯ ಮೇಲೆ ಸುತ್ತಿ ಹೋಗುತ್ತಿದ್ದರು, ಅಲ್ಲಿ ಎತ್ತುಗಳಿಗೆ ನೀರಿತ್ತು. ಆಮೇಲೆ ಬೇಲೂರು, ಗೆಂಡೆಹಳ್ಳಿ, ಘಟ್ಟ.

ಪ್ರಶ್ನೆಗೆ ಉತ್ತರ ಹೇಳಬೇಕಾದವರು ಸತ್ತವರು. ಅವರು ಸುಮ್ಮನಿರುತ್ತಾರೆ, ಆ ಸುಮ್ಮನಿರುವುದೇ ಉತ್ತರ. ಅಲ್ಲಿ ಕೂತ ಬದುಕಿದವರು ಯಾರೂ ಬಾಯಿ ಬಿಡಬಾರದು. ಯಾರು ಹೂಂ ಅನ್ನುತ್ತಾರೋ ಅವರೇ ಹೊರಟವರು ಎಂದಾಗುತ್ತದೆ. ಅದಕ್ಕೇ ಎಲ್ಲರೂ ಈಚಲು ಗರಿಯ ಒಂದೊಂದು ತುಂಡು ಹಲ್ಲಿನ ನಡುವೆ ಕಚ್ಚಿಕೊಂಡು ಕೂರುವುದು. ಮಿಕ್ಕ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಇದಕ್ಕೆ ತಿರುವುಮುರುವು. ಕಥೆ ಹೇಳುವಾಗ ಹೂಂಗುಟ್ಟಲೇಬೇಕು, ಹೂಂ ನಿಂತರೆ ಅತ್ತೆಯ ಕಥೆಯೂ ನಿಲ್ಲುತ್ತಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಕಥೆ ನಿಂತೀತು ಅಂತ ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದಳು.

"ಹೆಣ ಇಲ್ದೆ ಆ ಮಾತು ಆಡ್ಬಾರ್ದು ಕಣೇ" ಎಂದಳು ಅತ್ತೆ.

"ಬರೀ ಪೆಟ್ಟಿಗೆಗೆ ಹೇಳದು ಅತ್ತೆ."

"ಪೆಟ್ಟಿಗೆಗೇನು, ಅದೇನು ಸಾಯ್ತದಾ. ಕೇಳ್ಕೊಂಡು ಕುಂತಿರೋರು ನಾವಲ್ವಾ."

ನಾನು ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ತಾಳ್ಮೆಯವಳು ಅಂತ ನನಗೆ ಹೆಸರಿದೆ. ತಾಳ್ಮೆಯಿಂದ ಒಂದು ಮಾತನ್ನು ಎಂಟು ದಿನ ಬಿಟ್ಟು ಬಿಟ್ಟು ಕೇಳಬಲ್ಲೆ. ಒಂಬತ್ತನೇ ದಿನ, "ನಾಳೆ ನೀನು ಹೋದಾಗ ನಿಂಗೆ ಆ ಮಾತು ಯಾರು ಹೇಳ್ತಾರೆ ಅತ್ತೆ?" ಎಂದೆ. ಅವಳು ಕೈಯಲ್ಲಿದ್ದ ಗರಿಯನ್ನು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ, ದಾರದಷ್ಟು ಸಣ್ಣಗೆ ಮಾಡಿ ಒಲೆಗೆ ಹಾಕಿದಳು. ಮಾರನೆಯ ದಿನ ಅವಳೇ ಗರಿ ಕತ್ತರಿಸಿ ತಂದು, "ಬಾ, ಕುಂತ್ಕೋ" ಎಂದಳು.

ಇದು ಆದದ್ದು ಮೂರು ದಿನದ ಹಿಂದೆ, ಮಧ್ಯಾಹ್ನ ಎರಡು ಗಂಟೆಗೆ. ಯಜಮಾನರು ಕೊಬ್ಬರಿ ಲೋಡಿನ ಜೊತೆ ಊರು ಬಿಟ್ಟಿದ್ದರು. ಮನೆಯಲ್ಲಿ ನಾವು ಮೂವರೇ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಏಳು ತುಂಬಿದೆ. ಶೀಟಿನ ಕೋಣೆ ಕಾಯುತ್ತದೆಂದು ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಅವಳಿಗೂ ಒಂದು ತುಂಡು ಗರಿ ಕೊಟ್ಟಳು. ನಾನು ರೆಕಾರ್ಡರಿಗೆ ತಾರೀಖು, ಊರು ಹೇಳಿ, ನನ್ನ ಗರಿ ಕಚ್ಚಿಕೊಂಡೆ.

ಅತ್ತೆ ಕಣ್ಣು ಮುಚ್ಚಿ ಶುರು ಮಾಡಿದಳು. ಅವಳ ಎಂದಿನ ದನಿಯಲ್ಲ ಅದು. ತೂಗಿ ತೂಗಿ ಇಡುವ ಹೆಜ್ಜೆಯಂಥ ದನಿ. ಗಂಡಸಿ ಕಳೆಯುವ ಹೊತ್ತಿಗೆ ನನ್ನ ತೋಳಿನ ಕೂದಲು ನಿಂತವು. ಅರಸೀಕೆರೆ ಆದ ಮೇಲೆ ಮಗಳು ಬಾಯಿಯ ಗರಿ ತೆಗೆದು ಪಕ್ಕಕ್ಕೆ ಹಾಕುವುದನ್ನು ನೋಡಿದೆ. ಈಗ ಅವಳಿಗೆ ಯಾವ ಹಸಿ ವಾಸನೆಯೂ ಆಗುವುದಿಲ್ಲ. ನಾನು ಎದ್ದು ಹೋಗಿ ಮತ್ತೆ ಕೊಡಬಹುದಿತ್ತು. ಎದ್ದರೆ ಚಾಪೆ ಸದ್ದಾಗುತ್ತದೆ, ಸದ್ದು ರೆಕಾರ್ಡರಿನಲ್ಲಿ ಸೇರುತ್ತದೆ. ನಡುವೆ ಬೇರೆ ಸದ್ದು ಬೇಡ ಎಂದು ಮೇಡಂ ಹೇಳಿದ್ದರು. ಕೂತೇ ಇದ್ದೆ. ಮಗಳಿಗೆ ಕಣ್ಣು ಎಳೆಯುತ್ತಿತ್ತು. ಹಗರೆ, ಬಂದೆಯಾ, ಎಂದಳು ಅತ್ತೆ.

"ಹೂಂ" ಎಂದಳು ಮಗಳು, ನಿದ್ದೆಗಣ್ಣಿನಲ್ಲಿ.

ಅತ್ತೆಯ ಮಾತು ನಿಂತಿತು. ಕಣ್ಣು ತೆರೆದಳು. ಆ ಕಣ್ಣುಗಳನ್ನು ನಾನು ಮರೆಯಲಾರೆ. ಅವಳು ಹೆದರಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ.

"ಯಾರು ಅಂದಿದ್ದು?"

ನಾನು ಬಾಯಿಯ ಗರಿ ತೆಗೆದು, "ನಾನೇ ಅತ್ತೆ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಮಗಳ ಕಡೆ ಬಂದ ಏಟಿಗೆ ಕೈ ತಾನಾಗಿ ಅಡ್ಡ ಹೋಗುತ್ತದಲ್ಲ, ಹಾಗೆ ಬಂತು. ಮಗಳಿಗೆ ಆ ಹೊತ್ತಿಗೆ ಪೂರ್ತಿ ನಿದ್ದೆ.

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು, "ಸದ್ಯ, ನೀನಾದ್ರೆ ಬಲಿತಿರೋಳು. ತಡ್ಕೊಂಡೀಯ" ಎಂದಳು. ಆ ಮಾತನ್ನು ಮುಗಿಸುವಂತಿಲ್ಲವಂತೆ, ಮುಗಿಸಿದರೆ ಹೂಂ ಅಂದವರು ಘಟ್ಟ ಇಳಿಯುತ್ತಾರೆ. ಹಗರೆಯಲ್ಲೇ ಬಿಡುವಂತೆಯೂ ಇಲ್ಲ, ಬಿಟ್ಟರೆ ತಾವಾಗಿಯೇ ಮುಂದಕ್ಕೆ ನಡೆಯುತ್ತಾರೆ. ಅಮಾವಾಸ್ಯೆಯೊಳಗೆ ಹಗರೆಗೆ ಹೋಗಿ, ಬಂದ ದಾರಿಯಲ್ಲೇ ಊರೂರು ಕರೆದು ಮನೆಗೆ ಕರೆತರಬೇಕು. ಅದಕ್ಕೆ ಕರೆಯುವ ಮಾತು ಬೇರೆ ಇದೆ. ಅಮಾವಾಸ್ಯೆಗೆ ಇನ್ನು ನಾಲ್ಕು ದಿನವಿತ್ತು.

ನಾನು ಓದಿದವಳು. ಗ್ರಂಥಾಲಯದಲ್ಲಿ ಮೂಢನಂಬಿಕೆಯ ಮೇಲೆ ಒಂದು ಕಪಾಟು ತುಂಬ ಪುಸ್ತಕಗಳಿವೆ, ಧೂಳು ಹೊಡೆಯುವವಳು ನಾನೇ. ಆದರೆ ಮಾರನೆಯ ದಿನ ಮಗಳ ಪಾದ ಬಾತಿತ್ತು. ಅರಸೀಕೆರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ ನೋಡಿ, ಬಿ.ಪಿ. ಸ್ವಲ್ಪ ಏರಿದೆ ಎಂದರು. ಮಾತ್ರೆ ಬರೆದರು. ಎಡಮಗ್ಗುಲಿಗೆ ಮಲಗಲಿ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಒಂದು ಗಳಿಗೆಯೂ ಕಾಯದೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಇದು ಚೊಚ್ಚಲಿನಲ್ಲಿ ಎಷ್ಟೋ ಜನಕ್ಕೆ ಆಗುತ್ತದೆ, ಹೆದರಬೇಡಿ ಎಂದೂ ಹೇಳಿದರು. ಆ ಕೊನೆಯ ಮಾತು ಮಾತ್ರ ನನ್ನ ಕಿವಿಯಲ್ಲಿ ನಿಲ್ಲಲಿಲ್ಲ.

ಗ್ರಂಥಾಲಯದಲ್ಲಿ ಪೇಪರು ಓದುವವರು ಎದ್ದು ಹೋದ ಮೇಲೆ ರೆಕಾರ್ಡರ್ ಕಿವಿಗೆ ಹಚ್ಚಿಕೊಂಡು ಆ ಹೂಂ ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಸಣ್ಣ ಹೂಂ. ಐದು ವರ್ಷದ ಹುಡುಗಿಯದರ ಹಾಗೆ. ನಾನು ಹೇಳಿದ್ದು ಸುಳ್ಳು ಅಂತ ಗೊತ್ತಿದ್ದದ್ದು ನನಗೆ, ಆ ಪೆಟ್ಟಿಗೆಗೆ, ಇಬ್ಬರಿಗೇ.

ಹೀಗೆ ಇವತ್ತು ಹೊರಟೆವು. ಅರಸೀಕೆರೆಯಲ್ಲಿ ಬಸ್ಸು ಬದಲಿಸಿ, ಜಾವಗಲ್ ಮೇಲೆ ಹಳೇಬೀಡಿಗೆ. ಕಿಟಕಿಯ ಪಕ್ಕ ಕೂತ ಅತ್ತೆ ದಾರಿಯುದ್ದಕ್ಕೂ, "ಇಲ್ಲೆಲ್ಲ ಈಚಲಿತ್ತು. ಈಗ ನೋಡು, ಬರೀ ತೆಂಗು. ತೆಂಗಿನ ಗರಿಯಾಗೆ ಮೊರ ಆಯ್ತದಾ?" ಎಂದು ನನ್ನನ್ನೇ ತಪ್ಪಿತಸ್ಥೆ ಮಾಡಿ ಕೇಳಿದಳು. ನಾನು ಮಗಳಿಗೆ ಫೋನು ಮಾಡಿ, ತಲೆನೋವು ಇದೆಯಾ, ಕಣ್ಣು ಸರಿಯಾಗಿ ಕಾಣುತ್ತದಾ ಎಂದು ಕೇಳುತ್ತಿದ್ದೆ. "ನೀನು ಹಿಂಗೇ ಫೋನ್ ಮಾಡ್ತಿದ್ರೆ ಬರುತ್ತೆ ನೋಡು ತಲೆನೋವು" ಎಂದಳು. ಹಗರೆಗೆ ಹೋಗುವ ಕಾರಣ ಅವಳಿಗೆ ಹೇಳಿರಲಿಲ್ಲ. ಅತ್ತೆಗೆ ಒಂದು ಹರಕೆ ಇದೆ ಎಂದಿದ್ದೆ.

ಹಳೇಬೀಡಿನಲ್ಲಿ ಹಗರೆಯ ಬಸ್ಸಿಗೆ ಅರ್ಧ ಗಂಟೆ ಕಾಯಬೇಕಿತ್ತು. ಟೂರಿಗೆ ಬಂದ ಶಾಲೆ ಮಕ್ಕಳು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಗುಡಿಯ ಕಡೆ ಸಾಲಾಗಿ ಹೋಗುತ್ತಿದ್ದರು. ಅತ್ತೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿನ್ನ ಒಳಹೆಸರು ನೆನಪೈತಾ ಎಂದು ಕೇಳಿದಳು.

ನಮ್ಮಲ್ಲಿ ಮಗುವಿಗೆ ಎರಡು ಹೆಸರು. ಎಲ್ಲರೂ ಕರೆಯುವುದು ಒಂದು. ಇನ್ನೊಂದನ್ನು ಮನೆಯ ಹಿರಿಯ ಸೋದರತ್ತೆ ಕಿವಿಯಲ್ಲಿ ಹೇಳುತ್ತಾಳೆ, ಅದು ಒಳಹೆಸರು. ನನ್ನದನ್ನೂ ನನ್ನ ಮಗಳದನ್ನೂ ಇಟ್ಟವಳು ಇವಳೇ. ನೆನಪಿದೆ, ಯಾಕೆ ಎಂದೆ.

"ಕರೆಯೋದು ಅದ್ರಲ್ಲೇ ಕಣೇ. ಯಾರು ಹೂಂ ಅಂದ್ರೋ ಅವ್ರ ಒಳಹೆಸ್ರು ಹಿಡ್ದು ಕರೀಬೇಕು. ಹೆಸ್ರು ತಪ್ಪಿದ್ರೆ ಕೆಟ್ಟೋಯ್ತು."

"ತಪ್ಪಿದ್ರೆ ಏನಾಯ್ತದೆ?"

"ಹಗರೆಯಾಗೆ ಇರೋರಿಗೆ, ನಮ್ಮನ್ನ ಬುಟ್ಟು ಬೇರೆಯೋರ್ನ ಕರ್ಕೊಂಡೋದ್ರು ಅಂತ ಆಯ್ತದೆ. ಆಮೇಲೆ ಅವ್ರು ಯಾರು ಕರೆದ್ರೂ ಬರಾಕಿಲ್ಲ."

 ಮಗಳಿಗೆ ಅಡ್ಡ ನಿಂತೆ ಅಂದುಕೊಂಡಿದ್ದವಳು, ಅವಳನ್ನು ಅಲ್ಲೇ ಬಿಟ್ಟು ಬರುವುದಕ್ಕೆ ಬಸ್ಸು ಹತ್ತಿದ್ದೆ. ಟೀ ಅಂಗಡಿಯ ಬೆಂಚು, ಲೋಟ ತೊಳೆಯುವ ಬಕೆಟ್ಟು, ಟೋಪಿ ಹಾಕಿದ ಮಕ್ಕಳು, ಎಲ್ಲ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು, ಅದೇ ಹೆಚ್ಚು ಭಯ ತಂದಿತು.

"ಅತ್ತೆ, ಹೂಂ ಅಂದಿದ್ದು ನಾನಲ್ಲ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಬೆಂಚಿನ ಮೇಲಿಟ್ಟಳು. "ಆ ಮಗೀನಾ" ಎಂದಳು. "ಎರಡು ಜೀವದೋಳು. ನನ್ನ ಬಾಯಾಗೆ ಕಳ್ಸಿಬುಡ್ತಿದ್ದೆಯಲ್ಲೇ." ಆಮೇಲೆ, "ಅವ್ಳೂ ಇಲ್ಲಿರ್ಬೇಕಿತ್ತು. ಕರೆಯುವಾಗ ಊರೂರಿಗೂ ಅವ್ಳು ಹೂಂ ಅನ್ಬೇಕು. ಹೋಗುವಾಗ ಅನ್ಬಾರ್ದು, ಬರುವಾಗ ಅನ್ಲೇಬೇಕು" ಎಂದಳು.

ಕರೆತರಲು ಹೊತ್ತಿರಲಿಲ್ಲ, ಆ ಬಾತ ಕಾಲಲ್ಲಿ ಈ ರಸ್ತೆಯಲ್ಲಿ ಬಸ್ಸಿನಲ್ಲಿ ತರುವ ಧೈರ್ಯವೂ ನನಗಿರಲಿಲ್ಲ. ನಾಳೆ ಅಮಾವಾಸ್ಯೆ. ನಾನು ಫೋನು ತೋರಿಸಿದೆ.

"ಅದ್ರಾಗೆ ಬರೋದು ಅವ್ಳ ಉಸ್ರಾ?" ಎಂದು ಕೇಳಿದಳು ಅತ್ತೆ.

"ಉಸ್ರಲ್ಲ. ದನಿ."

ಅವಳು ಯೋಚಿಸಿದಳು. "ಅವತ್ತು ಹೋಗಿದ್ದೂ ದನಿನೇ ಅಲ್ವಾ" ಎಂದಳು.

ಮಗಳಿಗೆ ಫೋನಿನಲ್ಲೇ ಎಲ್ಲ ಹೇಳಿದೆ. ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಮೂರು ದಿನದಿಂದ ನನ್ನ ಕಾಲು ಒತ್ತಿ ಒತ್ತಿ ನೋಡ್ತಿದ್ದಿದ್ದು ಇದಕ್ಕಾ ಅವ್ವ?" ಎಂದು ಕೇಳಿದಳು. ಅದಕ್ಕೂ ಹೌದು, ಬಿ.ಪಿ.ಗೂ ಹೌದು ಎಂದೆ. "ಸರಿ, ಹೂಂ ಅಂತೀನಿ. ಅಜ್ಜಿಗೆ ಗಾಬ್ರಿ ಆಗ್ಬೇಡ ಅಂತ ಹೇಳು" ಎಂದಳು. ಅವಳ ದನಿ ಒಂದು ಎಳೆ ಸಣ್ಣಗಾಗಿತ್ತು. ಹೆದರಿಸಿಬಿಟ್ಟೆ ಎಂದುಕೊಂಡೆ, ಅದಕ್ಕೂ ಬಿ.ಪಿ. ಏರುತ್ತದಲ್ಲ ಎಂದು ಇನ್ನಷ್ಟು ಹೆದರಿದೆ.

ಹಗರೆಯಲ್ಲಿ ಬಸ್ಸಿಳಿದು ಎತ್ತಿಗೆ ನೀರಿದ್ದ ಜಾಗ ಹುಡುಕಬೇಕಾಯಿತು. ಡೇರಿಯ ಪಕ್ಕ ದನಗಳಿಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿ ಇತ್ತು. ಇದೇ ಇರಲಿ ಎಂದಳು ಅತ್ತೆ. ಮೊರ ಬಿಚ್ಚಿ ನೆಲಕ್ಕಿಟ್ಟು, ಕಲ್ಲುಪ್ಪು ಹರಡಿ, ಮೇಲೆ ತೊಟ್ಟಿಯ ನೀರು ಚಿಮುಕಿಸಿದಳು. ನಾನು ಮಗಳಿಗೆ ಫೋನು ಹಚ್ಚಿ, ದನಿ ಜೋರು ಮಾಡಿ, ಒಂದು ಒಣ ಎಲೆಯ ಮೇಲೆ ಮೊರದಲ್ಲಿಟ್ಟೆ. ಹಾಲಿನ ಕ್ಯಾನು ಎತ್ತುತ್ತಿದ್ದವನೊಬ್ಬ, "ಏನಜ್ಜಿ, ಫೋನಿಗೆ ಪೂಜೆನಾ?" ಎಂದ. "ಚಾರ್ಜು ನಿಲ್ತಿಲ್ಲ ಕಣಪ್ಪ, ಅದ್ಕೇ" ಎಂದಳು ಅತ್ತೆ, ತಲೆಯೆತ್ತದೆ.

ಆಮೇಲೆ ಮಗಳ ಒಳಹೆಸರು ಹಿಡಿದು ಕರೆದಳು. ಆ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅರ್ಥ ಇಷ್ಟು: ಹಗರೆಯ ನೀರು ಕುಡಿದದ್ದಾಯಿತು, ಎತ್ತು ತಿರುಗಿದೆ, ಎದ್ದೆಯಾ.

"ಹೂಂ" ಎಂದಿತು ಫೋನು.

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಎರಡನೆಯ ಹೂಂ ಬಂತು. ಅಲ್ಲಿಂದ ಹತ್ತಿದ ಬಸ್ಸಿನಲ್ಲಿ ಜನ ತುಂಬಿದ್ದರು, ಕಿಟಕಿಯಿಂದ ಧೂಳು. ಅತ್ತೆ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕೆಮ್ಮುತ್ತ ಕೆಮ್ಮುತ್ತ ಬಂದಳು. ಜಾವಗಲ್ಲಿನಲ್ಲಿ ಬಸ್ಸು ನಿಂತ ಕೂಡಲೇ ಫೋನು ಹಚ್ಚಿದೆ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಹಚ್ಚಿದೆ. ತೆಗೆಯಲಿಲ್ಲ. ಕಂಡಕ್ಟರು ಸೀಟಿ ಊದಿದರು.

"ಇಳಿ" ಎಂದಳು ಅತ್ತೆ. ಊರು ದಾಟಿದ ಮೇಲೆ ಹೂಂ ಬಂದರೆ ಅದು ಆ ಊರಿನದ್ದಲ್ಲ. ನಿಲ್ಲಿಸಿ ನಿಲ್ಲಿಸಿ ಎನ್ನುತ್ತ ಜನರ ನಡುವೆ ಮೊರ ಎತ್ತಿ ಹಿಡಿದುಕೊಂಡು ಇಳಿದೆವು. "ಮೊದ್ಲೇ ಹೇಳ್ಬಾರ್ದೇನಮ್ಮ, ಅರಸೀಕೆರೆ ಟಿಕೆಟ್ ತಗೊಂಡು ಇಲ್ಲಿ ಇಳೀತೀರಲ್ಲ" ಎಂದರು ಕಂಡಕ್ಟರು.

ಮಗಳಿಗೆ ಮತ್ತೆ ಮಾಡಿದೆ. ಎದುರು ಮನೆಯವರಿಗೆ ಮಾಡಿದೆ. ಅವರೂ ತೆಗೆಯಲಿಲ್ಲ. ಡಾಕ್ಟರಮ್ಮ ಹೇಳಿದ್ದೆಲ್ಲ ಸಾಲಾಗಿ ಬಂತು, ತಲೆ ಸಿಡಿದರೆ, ಕಣ್ಣು ಮಂಜಾದರೆ. ನೆಲದ ಮೇಲೆ ಬಿದ್ದಿದ್ದಾಳೆ, ಎದುರು ಮನೆಯವರು ಓಡಿ ಬಂದಿದ್ದಾರೆ, ಅದಕ್ಕೇ ಇಬ್ಬರೂ ತೆಗೆಯುತ್ತಿಲ್ಲ. ನಡುಮನೆಯಲ್ಲಿ ಯಾವ ಕಡೆ ತಲೆ ಮಾಡಿ ಬಿದ್ದಿದ್ದಾಳೆ ಅನ್ನುವುದೂ ನನಗೆ ಕಂಡಿತು. ಮನೆ ಇನ್ನೂ ಎರಡು ಬಸ್ಸಿನಷ್ಟು ದೂರ. ಅವತ್ತು ಚಾಪೆ ಸದ್ದಾಗುತ್ತದೆಂದು ಏಳದೆ ಕೂತಿದ್ದೆನಲ್ಲ, ಆ ಚಾಪೆಯ ಅಂಚು ಕೂಡ ನೆನಪಾಯಿತು.  ಅತ್ತೆ ನನ್ನ ರಟ್ಟೆ ಹಿಡಿದಿದ್ದಳು, ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಿಲ್ಲ.

ಫೋನು ಹೊಡೆಯಿತು. ಮಗಳು.

"ಅವ್ವ, ನರ್ಸಮ್ಮ ಬಂದಿದ್ರು ಕಣೇ. ತೋಳಿಗೆ ಪಟ್ಟಿ ಕಟ್ಟಿದ್ರು. ಬಿ.ಪಿ. ನೋಡುವಾಗ ಮಾತಾಡ್ಬಾರ್ದಂತೆ, ಫೋನ್ ಮುಟ್ಬೇಡ ಅಂದ್ರು. ಎದ್ರು ಮನೆ ಅಕ್ಕನೂ ಇಲ್ಲೇ ಅವ್ರೆ."

"ಎಷ್ಟೈತಂತೆ?"

"ಅವತ್ತಿನಷ್ಟೇ ಐತಂತೆ. ಏರಿಲ್ಲ, ಇಳ್ದೂ ಇಲ್ಲ."

ನಾನು ಅತ್ತೆಯ ಕಡೆ ಫೋನು ಚಾಚಿದೆ. ಅತ್ತೆ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಕೆಮ್ಮಿ ಮತ್ತೆ ತೆರೆದಳು, ದನಿ ಹೂತುಹೋಗಿತ್ತು. ನೀರು ಕುಡಿಸಿದೆ, ಬರಲಿಲ್ಲ. ಅವಳು ತನ್ನ ಗಂಟಲು ಮುಟ್ಟಿಕೊಂಡು, ಆಮೇಲೆ ನನ್ನ ಗಂಟಲಿಗೆ ಬೆರಳಿಟ್ಟಳು.

ಹಗರೆಯಲ್ಲಿ ಒಂದು ಸಲ, ಹಳೇಬೀಡಿನಲ್ಲಿ ಒಂದು ಸಲ ಕೇಳಿದ್ದೆ. ಮಾತು ನೆನಪಿತ್ತು. ಸುತ್ತ ಜನ. ಕಾಲೇಜು ಹುಡುಗಿಯರು, ಮಾರ್ಕೆಟ್ಟಿನ ಚೀಲ ಇಟ್ಟುಕೊಂಡ ಹೆಂಗಸರು, ಬೈಕಿಗೆ ಒರಗಿದ ಇಬ್ಬರು ಗಂಡಸರು. ಒಳಮಾತನ್ನು ನಾನು ಹೊರಗೆ ಗಟ್ಟಿಯಾಗಿ ಆಡಿ ನಲವತ್ತು ವರ್ಷವಾಗಿರಬೇಕು. ಅವ್ವನ ಬುಟ್ಟಿಗಳು ಬಸ್‌ಸ್ಟ್ಯಾಂಡಿನಲ್ಲಿ ಉರುಳಿದ್ದು ಕಣ್ಣಿಗೆ ಬಂತು. 

ಮಗಳ ಒಳಹೆಸರು ಕರೆದೆ. ಮೊದಲ ಸಲ ಅವಳಿಗೆ ಕೇಳಿಸಲಿಲ್ಲ, "ಜೋರಾಗಿ ಅವ್ವ" ಎಂದಳು. ಜೋರಾಗಿ ಹೇಳಿದೆ. ಪಕ್ಕ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, ತನ್ನ ಚೀಲವನ್ನು ಆ ಕಡೆಯ ಮಗ್ಗುಲಿಗೆ ಸರಿಸಿಕೊಂಡಳು. ನೋಡಿದೆ. ನಿಲ್ಲಿಸಲಿಲ್ಲ. ಜಾವಗಲ್ಲಿನ ಬಿಸಿಲು ಇಳಿಯಿತು, ಎತ್ತು ನಡೆದಿದೆ, ಬಂದೆಯಾ.

"ಹೂಂ."

ಅರಸೀಕೆರೆಯಲ್ಲಿ ನಾನೇ ಹೇಳಿದೆ, ಗಂಡಸಿಯಲ್ಲೂ ನಾನೇ. ಗಂಡಸಿಯ ಹೊತ್ತಿಗೆ ನನ್ನ ದನಿ ಅತ್ತೆಯದರಂತೆ ಹೆಜ್ಜೆ ಇಡುತ್ತಿತ್ತು, ಅದನ್ನು ಕೇಳಿ ನನಗೇ ಬೆನ್ನು ತಣ್ಣಗಾಯಿತು. ಐದೂಕಾಲಿಗೆ ಮನೆ ಮುಟ್ಟಿದೆವು. ಮಗಳು ಹೊಸ್ತಿಲ ಒಳಗೆ ನಿಂತಿದ್ದಳು, ಒಂದು ಕೈ ಬಾಗಿಲ ತೋಳಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಕೊನೆಯ ಹೆಸರು ಮನೆಯದು. ಕೇಳಿದೆ. ಅವಳು ಈ ಸಲ ನಗಲಿಲ್ಲ. ಹೂಂ ಎಂದು ಮೊರ ತೆಗೆದುಕೊಂಡಳು.

ಅತ್ತೆಗೆ ಬಿಸಿನೀರು, ಬೆಲ್ಲ ಕೊಟ್ಟೆ. ಸ್ವಲ್ಪ ದನಿ ಬಂದ ಮೇಲೆ ಅವಳು ಕೇಳಿದ ಮೊದಲ ಮಾತು, "ಪೆಟ್ಟಿಗೇಲಿ ಆ ಅರ್ಧ ಮಾತು ಇನ್ನೂ ಐತಾ?"

"ಐತೆ."

"ಅದ್ನ ನಾಳೆ ಯಾರೋ ಕೇಳ್ತಾರೆ. ಯಾರ್ದೋ ಮನೆ ಮಗು ಕೇಳ್ಕೊಂಡು ಹೂಂ ಅಂತದೆ."

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ರೆಕಾರ್ಡರ್ ತೆಗೆದು ಆ ಕಡತದ ಮೇಲೆ ಬೆರಳಿಟ್ಟೆ. ಅಳಿಸುವುದು ಖಚಿತವೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಪಟ್ಟಿಯಲ್ಲಿ ಇದೊಂದಕ್ಕೆ ಗುರುತು ಬೀಳುವುದಿಲ್ಲ. ಅಷ್ಟು ದೂರದಿಂದ ಬಂದು ನನ್ನನ್ನು ನಂಬಿದ ಮೇಡಂ ಮುಖ ನೆನಪಾಯಿತು. ಹೌದು ಎಂದು ಒತ್ತಿದೆ. ಅವರಿಗೆ ನಾಳೆ ಕಾಗದ ಬರೆಯಬೇಕು: ಮಿಕ್ಕದ್ದೆಲ್ಲ ಕಳಿಸುತ್ತಿದ್ದೇನೆ, ಸೊಟ್ಟ ಎಣಿಕೆಯ ಸಮೇತ, ಇದು ಪೆಟ್ಟಿಗೆಗೆ ಕೂಡುವ ಮಾತಲ್ಲ.

"ನಾನು ಹೋದಾಗ ನಂಗೆ ನೀನೇ ಹೇಳು" ಎಂದಳು ಅತ್ತೆ. "ಹಗರೆಗಂಟ ನಿಂಗೆ ಬಂದೈತೆ. ಬೇಲೂರಿಂದ ಆಚೆದು ಇವ್ಳು ಹೆತ್ತ ಮ್ಯಾಕೆ ಕಿವಿಯಾಗೆ ಹೇಳ್ತೀನಿ. ಅಲ್ಲೀಗಂಟ ನಾನು ಸಾಯಂಗಿಲ್ಲ, ಗ್ರಾಚಾರ."

ಡಾಕ್ಟರಮ್ಮನ ಹತ್ತಿರ ನಾಡಿದ್ದು ಹೋಗಬೇಕು. ಮಾತ್ರೆ ಇನ್ನೂ ಆರಿವೆ. ಪಾದ ಒತ್ತಿ ನೋಡಿದೆ, ಗುಳಿ ಬಿತ್ತು, ಎದ್ದಿತು. ಬೇಗ ಎದ್ದಿತಾ ತಡವಾಗಿ ಎದ್ದಿತಾ ಎಂದು ಹೇಳಲಾರೆ.

ಏಳೂವರೆಗೆ ಉಂಡೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಗಳಿಗೆ ಉಪ್ಪು ಹಾಕದೆ ತೆಗೆದಿಟ್ಟ ಸಾರು, ಅದನ್ನು ಮುಖ ಕಿವುಚಿಕೊಂಡೇ ಪೂರ್ತಿ ಉಂಡಳು. ಅತ್ತೆ ಅರ್ಧ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಗೋಡೆಗೆ ಒರಗಿ ಕೂತಳು. ಮೊದಲು ಮಲಗಿದವಳು ಮಗಳು, ಎಡಮಗ್ಗುಲಿಗೆ. ಹೊದಿಕೆ ಸರಿಮಾಡುತ್ತ, ನಿದ್ದೆ ಬಂತೇನೇ ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಅತ್ತೆಯೂ ಆ ಕಡೆಯಿಂದ ಕಣ್ಣು ತೆರೆದಳು.

ಮಗಳು ಹೂಂ ಅಂದಳು, ನಿದ್ದೆಯಲ್ಲಿ.